ರಜೆಗೆ ಹೋಗುವವನ ಪಾಸ್‌ವರ್ಡ್

ದಮ್ಮಾಮಿನ ನಮ್ಮ ಪಾಲಿಕ್ಲಿನಿಕ್ಕಿನ ಕಂಪ್ಯೂಟರ್ ಕುರ್ಚಿ ಉಡುಪಿ ಕಡೆಯ ಕೊಂಕಣಿ ಕ್ರಿಶ್ಚಿಯನ್ನರಿಗೆ ಪಿತ್ರಾರ್ಜಿತ ಆಸ್ತಿ ಇದ್ದ ಹಾಗೆ. ಮೊದಲು ಬಾರಕೂರಿನವನೊಬ್ಬ ಕೂತಿದ್ದ. ಅವನು ಎಲ್ವಿನ್‌ನನ್ನು ತಂದ. ಎಲ್ವಿನ್ ಇನ್ನೂ ಹೆಚ್ಚು ಸಂಬಳದ ಕಂಪನಿಗೆ ಹಾರುವಾಗ ಶಿರ್ವದಿಂದ ನನ್ನನ್ನು ತರಿಸಿ ಕೂರಿಸಿದ. ವೀಸಾ ಕೊಡಿಸಿದವನ ಋಣ ದೊಡ್ಡದು. ನಾವು ಮರೆತರೂ ಕೊಡಿಸಿದವನು ಮರೆಯಲು ಬಿಡುವುದಿಲ್ಲ. ಕುರ್ಚಿಯ ಜೊತೆಗೆ ಎಲ್ವಿನ್ ನನಗೆ ಡೇಟಾಬೇಸ್ ಸರ್ವರಿನ ಪಾಸ್‌ವರ್ಡನ್ನೂ ಒಪ್ಪಿಸಿದ.

“ಇದನ್ನು ಯಾವತ್ತೂ ಚೇಂಜ್ ಮಾಡ್ಬೇಡ ಇನಾಸ್,” ಎಂದ. “ರಜೆಗೆ ಊರಿಗೆ ಹೋದವನನ್ನು ಎಲ್ಲಿಂದ ಹಿಡಿಯುವುದು? ನಿನ್ನ ಮನೆಯಲ್ಲಿ ಫೋನ್ ಉಂಟಾ? ಇಲ್ಲ ಅಲ್ವಾ? ಹಾಗಾಗಿ ಫ್ಯಾಕ್ಟರಿಯಿಂದ ಬಂದದ್ದೇ ಇರ್ಲಿ. ಬದಲಿಗೆ ಕೂತವನು ಮ್ಯಾನುವಲ್ ತೆಗೆದು ನೋಡಿದ್ರೆ ಆಯ್ತು.”

ಇದು ನಮ್ಮವರ ಬುದ್ಧಿವಂತಿಕೆ. ಗಲ್ಫಿನ ಯಾವ ಆಫೀಸಿಗೆ ಹೋದರೂ ರಜೆಗೆ ಹೊರಟ ಮಲಯಾಳಿ ಮಲಯಾಳಿಗೆ, ಮಂಗಳೂರಿನವನು ಮಂಗಳೂರಿನವನಿಗೆ ಬೀಗದ ಕೈ ಒಪ್ಪಿಸಿ ಹೋಗುತ್ತಾನೆ. ಬೇರೆಯವರಿಗೆ ಕೊಟ್ಟರೆ ತಿರುಗಿ ಬರುವಷ್ಟರಲ್ಲಿ ಕುರ್ಚಿ ಇರುವುದಿಲ್ಲ ಎಂಬ ಭಯ. ಆದರೆ ಆ ಡೇಟಾಬೇಸನ್ನು ಮಾಡಿದವರು ಅದರೊಳಗೆ ಏನನ್ನು ಬೇಕಾದರೂ ತಿದ್ದಬಲ್ಲ ಒಂದು ಯಜಮಾನ ಖಾತೆಯನ್ನು ಇಟ್ಟು, ಲೋಕಕ್ಕೆಲ್ಲ ಒಂದೇ ಪಾಸ್‌ವರ್ಡ್ ಹಾಕಿ ಕಳಿಸುತ್ತಿದ್ದರು. ಸರ್ವರ್ ಶುರು ಮಾಡಿದ ದಿನವೇ ಇದನ್ನು ಬದಲಾಯಿಸಿ ಎಂದು ಮ್ಯಾನುವಲ್ಲಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು. ಬಹರೈನಿನಿಂದ ಬಂದು ಅದನ್ನು ಕೂರಿಸಿಕೊಟ್ಟ ಎಂಜಿನಿಯರ್ ಬದಲಾಯಿಸಲಿಲ್ಲ. ಆಮೇಲೆ ನಮ್ಮವರು ರಜೆಯ ಹೆಸರು ಹೇಳಿ ಬದಲಾಯಿಸಲಿಲ್ಲ.

ಅಷ್ಟೇ ಆಗಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಕ್ಲಿನಿಕ್ಕಿನ ಎಲ್ಲ ಪ್ರೋಗ್ರಾಮುಗಳೂ ಆ ಯಜಮಾನ ಖಾತೆಯಲ್ಲೇ ಒಳಗೆ ಹೋಗುವಂತೆ ಎಲ್ವಿನ್ ಬರೆದಿಟ್ಟಿದ್ದ. ರಿಸೆಪ್ಷನ್ನಿನವನು ಹೆಸರು ಬರೆದುಕೊಳ್ಳುವಾಗಲೂ ಅದೇ, ಲ್ಯಾಬಿನವರು ರಿಸಲ್ಟ್ ಹಾಕುವಾಗಲೂ ಅದೇ. ನೀರಿನ ಟ್ಯಾಂಕರಿನವನಿಗೂ ಮನೆಯ ಯಜಮಾನನಿಗೂ ಒಂದೇ ಬೀಗದ ಕೈ ಕೊಟ್ಟ ಹಾಗೆ. ಸಾಲದ್ದಕ್ಕೆ ಒಂದು ಮೋಡೆಮ್ ಇತ್ತು. ದೊಡ್ಡ ಕಂಪನಿಗಳು ಫೋನ್ ಲೈನಿನ ಮೂಲಕ ನಮ್ಮ ಸರ್ವರಿಗೆ ಬಂದು ತಮ್ಮ ಕೆಲಸಗಾರರ ರಿಸಲ್ಟ್ ನೋಡಬಹುದಿತ್ತು. ಅವರಿಗೆ ಫ್ಲಾಪಿಯಲ್ಲಿ ಹಾಕಿಕೊಟ್ಟ ಪ್ರೋಗ್ರಾಮಿನೊಳಗೂ ಅದೇ ಬೀಗದ ಕೈ. ನೋಡಲು ಬಂದವನು ಮನಸ್ಸು ಮಾಡಿದರೆ ತಿದ್ದಬಹುದು, ಅಳಿಸಬಹುದು. ತಿದ್ದಿದವನು ಯಾರೆಂದು ಕೇಳಿದರೆ ಸರ್ವರ್ ಹೇಳುವುದು ಒಂದೇ ಹೆಸರು, ಯಜಮಾನ ಖಾತೆಯದ್ದು.

ರಿಸಲ್ಟ್ ಎಂದರೆ ಇಕಾಮಾ ರಿಸಲ್ಟ್. ಆ ದೇಶದಲ್ಲಿ ಇರಲು ಬೇಕಾದ ಈ ಪರವಾನಗಿ ಹೊಸದಾಗಿ ಸಿಗಬೇಕಾದರೂ ನವೀಕರಣ ಆಗಬೇಕಾದರೂ ರಕ್ತ ಕೊಟ್ಟು ಪಾಸಾಗಬೇಕು. ನಮ್ಮ ಕ್ಲಿನಿಕ್ಕಿಗೆ ಆ ಪರೀಕ್ಷೆಯ ಲೈಸೆನ್ಸ್ ಇತ್ತು. ಸ್ಕ್ರೀನಿನಲ್ಲಿ ಹೆಸರಿನ ಮುಂದೆ ಬರುವುದು ಫಿಟ್ ಅಥವಾ ಅನ್‌ಫಿಟ್, ಇಷ್ಟೇ. ಯಾವ ಕಾಯಿಲೆ ಎಂಬ ಸುದ್ದಿಯೇ ಇಲ್ಲ. ಶನಿವಾರ ಬೆಳಿಗ್ಗೆ ವಾರದ ಫ್ಲಾಪಿ ಸರ್ಕಾರಿ ಕಚೇರಿಗೆ ಹೋಗುತ್ತದೆ. ಅಲ್ಲಿ ಅನ್‌ಫಿಟ್ ಎಂದು ದಾಖಲಾದವನು ಗಂಟುಮೂಟೆ ಕಟ್ಟಬೇಕು, ಮತ್ತೆ ಗಲ್ಫಿನ ಕಡೆ ತಲೆ ಹಾಕುವಂತಿಲ್ಲ.

ಈ ತೂತಿನ ಬಗ್ಗೆ ಮ್ಯಾನೇಜರ್ ಶಂಸುದ್ದೀನ್ ಸಾಹೇಬರಿಗೆ ನಾನು ಸೇರಿದ ವರ್ಷವೇ ಹೇಳಿದ್ದೆ. ಮರುವರ್ಷ ಮತ್ತೆ ಹೇಳಿದೆ. ಹೈದರಾಬಾದಿನ ಮನುಷ್ಯ, ಮೈಯಿಂದ ಯಾವಾಗಲೂ ಅತ್ತರಿನ ಪರಿಮಳ, ಯಾರಿಗೂ ದನಿ ಏರಿಸುವವರಲ್ಲ. “ಚಲ್ ರಹಾ ಹೈ ನಾ ಮಿಯಾಂ? ಚಲ್ನೇ ದೋ,” ನಡೆಯುತ್ತಿದೆಯಲ್ಲ, ನಡೆಯಲಿ ಬಿಡು ಎಂದು ಬೆನ್ನು ತಟ್ಟಿ ಖರ್ಜೂರದ ತಟ್ಟೆಯನ್ನು ಮುಂದೆ ತಳ್ಳಿದ್ದರು. ಎಲ್ಲ ಪ್ರೋಗ್ರಾಮು ತಿದ್ದಲು ಒಂದು ವಾರ ಬೇಕು, ಆ ವಾರ ಮೋಡೆಮ್ ನಿಲ್ಲಬೇಕು, ಮೋಡೆಮ್ ನಿಂತರೆ ಕಂಪನಿಗಳು ಬೇರೆ ಕ್ಲಿನಿಕ್ಕಿಗೆ ಹೋಗುತ್ತವೆ. ಅವರ ತಲೆನೋವು ಅಷ್ಟೇ. ಎರಡು ಸಲವೂ ಖರ್ಜೂರ ತಿಂದು ವಾಪಸು ಬಂದೆ.

ಅಣ್ಣು ನನ್ನ ರೂಮಿನವನು. ಕುಂದಾಪುರದ ಕಡೆಯ ಕೋಟದವನು, ಫ್ಯಾಬ್ರಿಕೇಶನ್ ವರ್ಕ್‌ಶಾಪಿನಲ್ಲಿ ವೆಲ್ಡರ್. ಗಟ್ಟಿಮುಟ್ಟು ಆಳು, ಅವನಿಗೆ ಶೀತ ಆದದ್ದನ್ನೂ ನಾನು ನೋಡಿದವನಲ್ಲ. ಆ ವರ್ಷ, ಅಂದರೆ ತೊಂಬತ್ತೇಳರಲ್ಲಿ, ಇಕಾಮಾ ನವೀಕರಣ ಮುಗಿಸಿ ರಜೆ ಹಾಕಿ ಊರಿಗೆ ಹೋಗಿ ಮದುವೆಯಾಗುವುದಿತ್ತು. ಹುಡುಗಿಯ ಹೆಸರು ಮಾನಸ. ಅವಳದ್ದು ಟೀಚರ್ ಟ್ರೈನಿಂಗ್ ಆಗಿದೆ ಎಂದು ದಿನಕ್ಕೊಮ್ಮೆ ಯಾರಿಗಾದರೂ ಹೇಳದಿದ್ದರೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ. ಅವಳಿಗೆಂದು ಒಂದು ವಾಚು ಕೊಂಡು ತಂದು, ಪಟ್ಟಿ ಎಷ್ಟು ಗಿಡ್ಡ ಮಾಡಬೇಕೆಂದು ತಿಳಿಯಲು ರೂಮಿನಲ್ಲಿದ್ದ ನಮ್ಮೆಲ್ಲರ ಕೈಗೂ ಕಟ್ಟಿ ನೋಡಿದ್ದ. ನಾವು ಅವನನ್ನು ಗೋಳು ಹೊಯ್ದುಕೊಂಡದ್ದಕ್ಕೆ ಮಿತಿಯಿಲ್ಲ.

ಒಂದು ಬುಧವಾರ ಅವನ ಕಂಪನಿಯ ಮಂದೂಬ್, ಅಂದರೆ ಸರ್ಕಾರಿ ಕಚೇರಿಗಳಿಗೆ ಓಡಾಡುವವನು, ವರ್ಕ್‌ಶಾಪಿನ ನಡುವೆ ನಿಂತು ಎಲ್ಲರಿಗೂ ಕೇಳುವ ಹಾಗೆ ಅಣ್ಣುವಿನ ಹೆಸರು ಕರೆದು ಅನ್‌ಫಿಟ್ ಎಂದನಂತೆ. ಪಕ್ಕದಲ್ಲಿ ಕೆಲಸ ಮಾಡುತ್ತಿದ್ದವರು ನಾಲ್ಕು ಹೆಜ್ಜೆ ಹಿಂದೆ ಸರಿದರಂತೆ. ಅಣ್ಣು ಸಂಜೆ ರೂಮಿಗೆ ಬಂದು ಬೂಟು ಕಳಚದೆ ಮಂಚದ ಮೇಲೆ ಕೂತ.

“ಇನಾಸಣ್ಣ, ನಂಗೆ ಎಂತ ಆಗಿದೆ?” ಎಂದು ಕೇಳಿದ. “ನಿಮ್ಮದೇ ಕ್ಲಿನಿಕ್ ಅಲ್ವಾ? ಆ ದೊಡ್ಡ ಕಾಯಿಲೆಯಾ?”

ಏಡ್ಸ್ ಎಂಬ ಮಾತನ್ನು ಅವನು ಬಾಯಲ್ಲಿ ಆಡಲಿಲ್ಲ. ಆ ಕಾಲದಲ್ಲಿ ಯಾರೂ ಆಡುತ್ತಿರಲಿಲ್ಲ, ಆದರೆ ಅನ್‌ಫಿಟ್ ಎಂದರೆ ಎಲ್ಲರ ತಲೆಗೂ ಮೊದಲು ಬರುತ್ತಿದ್ದದ್ದು ಅದೇ. ಮರುದಿನ ಬೆಳಿಗ್ಗೆ ಅವನನ್ನು ಕರೆದುಕೊಂಡು ನೇರ ನಮ್ಮ ಲ್ಯಾಬಿಗೆ ಹೋದೆ.

ಲ್ಯಾಬಿನಲ್ಲಿ ಜಾಯ್ಸ್ ಇದ್ದಳು. ಬೆಳ್ಮಣ್ಣಿನವಳು, ಟೆಕ್ನೀಶಿಯನ್, ಮುಖ ನೋಡಿ ಮಾತಾಡುವ ಅಭ್ಯಾಸ ಇಲ್ಲದವಳು. ಅವಳ ಕಣ್ಣು ಯಾವಾಗಲೂ ಟ್ಯೂಬಿನ ಮೇಲೆ. ಅಣ್ಣುವಿನ ರಕ್ತ ಮತ್ತೊಮ್ಮೆ ತೆಗೆದು ಪರೀಕ್ಷೆ ಮಾಡಿದಳು. ಅವನನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ ನನ್ನನ್ನು ಒಳಗೆ ಕರೆದಳು.

“ಇವನಿಗೆ ಎಂತದ್ದೂ ಇಲ್ಲ,” ಎಂದಳು. “ಈ ವಾರ ಪಾಸಿಟಿವ್ ಬಂದದ್ದು ಒಂದೇ ಒಂದು. ಒಬ್ಬ ಡ್ರೈವರಿನದ್ದು. ಹೆಪಟೈಟಿಸ್. ಡೌಟ್ ಬಂದು ಪುನಃ ಪುನಃ ಟೆಸ್ಟ್ ಮಾಡಿದ್ದೇನೆ. ನಾನೇ ಟೈಪ್ ಮಾಡಿದ್ದು, ನಾನೇ ಸ್ಕ್ರೀನಿನಲ್ಲಿ ಚೆಕ್ ಮಾಡಿದ್ದು ಇನಾಸ್. ನನ್ನ ಕೈತಪ್ಪು ಅಂತ ಮಾತ್ರ ಹೇಳ್ಬೇಡ.”

ಸ್ಕ್ರೀನ್ ನೋಡಿದೆವು. ಡ್ರೈವರ್ ಫಿಟ್. ಅವನ ಪಕ್ಕದ ನಂಬರು ಅಣ್ಣುವಿನದ್ದು, ಅನ್‌ಫಿಟ್. ಜಾಯ್ಸ್ ಹಾಕಿದ ಮೇಲೆ ಯಾರೋ ಎರಡನ್ನೂ ಅದಲು ಬದಲು ಮಾಡಿದ್ದಾರೆ. ಒಂದನ್ನೇ ತಿದ್ದಿದ್ದರೆ ಸಿಕ್ಕಿಬೀಳುತ್ತಿತ್ತು, ಯಾಕೆಂದರೆ ಈ ವಾರ ಎಷ್ಟು ಜನ ಅನ್‌ಫಿಟ್ ಎಂದು ಲ್ಯಾಬಿನ ಡಾಕ್ಟರ್ ಬೇರೆಯಾಗಿ ಸಹಿ ಹಾಕಿ ಕಳಿಸುತ್ತಾರೆ. ಲೆಕ್ಕ ತಾಳೆಯಾಗಲು ಇನ್ನೊಬ್ಬ ಬಲಿ ಬೇಕು. ನಾನು ಸರ್ವರಿನ ದಾಖಲೆ ತೆಗೆದೆ. ಜಾಯ್ಸ್ ಕೆಲಸ ಮುಗಿಸಿ ಹೋದ ಮೇಲೆ ಮೋಡೆಮ್ ಲೈನಿನಲ್ಲಿ ಯಾರೋ ಒಳಗೆ ಬಂದು ಹೋಗಿದ್ದರು. ಯಾರು? ಯಜಮಾನ. ನಾನು ಆ ಸ್ಕ್ರೀನಿಗೆ ಕೊಂಕಣಿಯಲ್ಲಿ ಬೈದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಆದರೆ ಡ್ರೈವರ್ ಕೆಲಸ ಮಾಡುತ್ತಿದ್ದದ್ದು ಒಂದು ಲೇಬರ್ ಕಾಂಟ್ರಾಕ್ಟ್ ಕಂಪನಿಯಲ್ಲಿ. ಆ ಕಂಪನಿಯ ಕಂಪ್ಯೂಟರ್ ಕುರ್ಚಿಯಲ್ಲಿ ಕೂತವನು ಎಲ್ವಿನ್.

ಹೊರಗೆ ಬಂದು ಅಣ್ಣುವಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ನಿನ್ನ ರಕ್ತ ಸರಿಯಿದೆ, ಕಂಪ್ಯೂಟರಿನಲ್ಲಿ ಯಾರೋ ಮೋಸ ಮಾಡಿದ್ದಾರೆ, ಶನಿವಾರ ಫ್ಲಾಪಿ ಹೋಗುವ ಮೊದಲು ಸರಿ ಮಾಡಿಸುತ್ತೇನೆ ಎಂದೆ. ಅವನ ಮುಖಕ್ಕೆ ಜೀವ ಬಂತು.

“ಹಾಗಾದ್ರೆ ಈಗ್ಲೇ ಫಿಟ್ ಅಂತ ಒತ್ತಿಬಿಡಿ ಇನಾಸಣ್ಣ. ಕಂಪ್ಯೂಟರಿನಲ್ಲಿ ಕೂತ್ಕೊಳ್ಳುವುದು ನೀವೇ ಅಲ್ವಾ?”

ಒತ್ತಬಹುದಿತ್ತು. ಅರ್ಧ ನಿಮಿಷದ ಕೆಲಸ. ಆದರೆ ನಾನು ಹಗಲು ತಿದ್ದಿದರೆ ಎಲ್ವಿನ್ ಸಂಜೆ ತಿದ್ದುತ್ತಾನೆ; ಬಾಗಿಲು ಹಾಗೇ ತೆರೆದಿದೆಯಲ್ಲ. ನಾಳೆ ಡ್ರೈವರಿನ ಕಂಪನಿ ಬಂದು ಕೇಳಿದರೆ ಯಜಮಾನ ಖಾತೆಯ ಕುರ್ಚಿಯಲ್ಲಿ ಕೂತ ಕಳ್ಳ ನಾನೇ ಆಗುತ್ತೇನೆ. ಕದ್ದು ತಿದ್ದಿದ ಫಿಟ್ ಬೇಡ, ಸಾಹೇಬರ ಸಹಿಯಿಂದ ನ್ಯಾಯವಾಗಿಯೇ ಆಗಲಿ ಎಂದು ಅಣ್ಣುವಿಗೆ ಹೇಳಿದೆ. ಈಗಲೂ ನನ್ನನ್ನು ಕೇಳಿದರೆ ಅದು ಸರಿಯಾದ ಮಾತು. ಸರಿಯಾದ ಮಾತು ಆಡುವವರಿಗೆ ಆ ದೇಶದಲ್ಲಿ ಏನು ಸಿಗುತ್ತಿತ್ತು ಎಂಬುದು ಬೇರೆ ವಿಷಯ.

ಶುಕ್ರವಾರ ಬೆಳಿಗ್ಗೆ ರೂಮಿನ ಬಾಗಿಲು ತಟ್ಟಿದವನು ಮಾನಸಳ ಅಣ್ಣ ಅಖಿಲೇಶ್. ಅಲ್ ಖಫ್ಜಿಯ ತೈಲ ಕಂಪನಿಯಲ್ಲಿ ಕೆಲಸ, ಶೇರ್ ಟ್ಯಾಕ್ಸಿ ಹಿಡಿದು ಅಷ್ಟು ದೂರದಿಂದ ಬಂದಿದ್ದ. ಸುದ್ದಿ ಅವನಿಗೆ ಆಗಲೇ ಮುಟ್ಟಿತ್ತು. ಅಣ್ಣು ಗಡಿಬಿಡಿಯಿಂದ ಚಾ ಮಾಡಿ ತಂದ. ಅಖಿಲೇಶ್ ಗ್ಲಾಸನ್ನು ಕೈಯಲ್ಲಿ ತೆಗೆದುಕೊಂಡ, ಕಿಟಕಿಯ ಮೇಲೆ ಇಟ್ಟ, ಕುಡಿಯಲಿಲ್ಲ. ನೀರು ಕೊಟ್ಟರೆ ಅದೂ ಬೇಡ ಎಂದ. ಬೆವರು ಇಳಿಯುತ್ತಿತ್ತು, ಗಂಟಲು ಒಣಗಿದ್ದು ಮಾತಿನಲ್ಲೇ ಗೊತ್ತಾಗುತ್ತಿತ್ತು. ಆದರೂ ಆ ರೂಮಿನ ಗ್ಲಾಸಿಗೆ ಅವನ ತುಟಿ ತಾಗಲಿಲ್ಲ.

“ನಂಗೆ ನಿಮ್ಮ ಮೇಲೆ ಕೋಪ ಇಲ್ಲ ಅಣ್ಣು,” ಎಂದ. “ಆದ್ರೆ ನಂದು ಒಂದೇ ತಂಗಿ. ಕ್ಲಿನಿಕ್ಕಿನ ಸೀಲ್ ಇರುವ ಫಿಟ್ ಪೇಪರ್ ತೋರ್ಸಿ, ಮನೆಗೆ ಫೋನ್ ಮಾಡಿ ಮದುವೆ ನಡೀಲಿ ಅಂತ ನಾನೇ ಹೇಳ್ತೇನೆ. ಅಷ್ಟರವರೆಗೆ ಅವಳಿಗೆ ಫೋನ್ ಮಾಡ್ಬೇಡಿ.”

ಅವನು ಹೋದ ಮೇಲೆ ಅಣ್ಣು ಆ ಚಾವನ್ನು ತಾನೇ ಕುಡಿದ.

ಅದೇ ದಿನ ಮಧ್ಯಾಹ್ನ ನಮ್ಮವರ ಪ್ರಾರ್ಥನೆ ಇತ್ತು. ಅಲ್ಲಿ ಕ್ರಿಶ್ಚಿಯನ್ನರು ಬಹಿರಂಗವಾಗಿ ಪ್ರಾರ್ಥನೆ ಮಾಡುವ ಹಾಗಿಲ್ಲವಲ್ಲ. ಯಾರದ್ದಾದರೂ ಫ್ಲ್ಯಾಟಿನಲ್ಲಿ ಪರದೆ ಎಳೆದು, ಟೀವಿ ತುಸು ಜೋರಾಗಿ ಇಟ್ಟು, ಮೆಲುದನಿಯಲ್ಲಿ ಜಪಸರ ಹೇಳುತ್ತಿದ್ದೆವು. ಎಲ್ಲರಿಗಿಂತ ಮುಂದೆ ಮಂಡಿಯೂರಿ ಹೇಳಿಕೊಡುವವನು ಎಲ್ವಿನ್. ನಮ್ಮ ಪಾಪಗಳನ್ನು ಕ್ಷಮಿಸು ಎಂದು ಅವನು ಹೇಳುವಾಗ ಅವನ ಬೋಳುತಲೆಯನ್ನೇ ನೋಡುತ್ತಾ ಕೂತೆ. ಮುಗಿದ ಮೇಲೆ ಅಡಿಗೆಕೋಣೆಗೆ ಎಳೆದುಕೊಂಡು ಹೋಗಿ ಕೇಳಿದೆ. ಇಲ್ಲ ಎನ್ನುತ್ತಾನೆ ಅಂದುಕೊಂಡಿದ್ದೆ. ಅವನು ಇಲ್ಲ ಎನ್ನಲೂ ಇಲ್ಲ.

“ನಾನು ಎಂತ ಮಾಡುದು ಮಾರಾಯ? ಆ ಡ್ರೈವರ್ ಕಂಪನಿಯ ಲೆಕ್ಕದಲ್ಲಿದ್ರೂ ಕೆಲಸ ಮಾಡುದು ನಮ್ಮ ಧಣಿಯ, ಆ ಕಫೀಲಿನ ಮನೆಯಲ್ಲಿ. ಮಕ್ಕಳನ್ನು ಶಾಲೆಗೆ ಬಿಡುವುದರಿಂದ ಹಿಡಿದು ಎಲ್ಲ ಅವನೇ. ಇವನು ಹೋಗ್ಬಾರ್ದು, ಏನಾದ್ರೂ ಮಾಡು ಅಂತ ಕಫೀಲ್ ಹೇಳಿದ್ರೆ ಆಗುದಿಲ್ಲ ಅನ್ಲಿಕ್ಕೆ ಉಂಟಾ? ನನ್ನ ಪಾಸ್‌ಪೋರ್ಟ್ ಅವರ ಹತ್ರ ಉಂಟು.”

“ಅದಕ್ಕೆ ಅಣ್ಣುವಿನ ಕುತ್ತಿಗೆ ಹಿಚುಕಿದ್ಯಾ?”

“ಯಾವ ಅಣ್ಣು? ನಾನು ಹೆಸರೇ ನೋಡ್ಲಿಲ್ಲ. ಪಕ್ಕದ ನಂಬರ್ ತಗೊಂಡೆ, ಅಷ್ಟೇ. ದೇವರಾಣೆ.”

“ಈಗ ಹೆಸರು ಗೊತ್ತಾಯ್ತಲ್ಲ. ಸಾಹೇಬ್ರ ಹತ್ರ ಬಂದು ಹೇಳು.”

“ಹೇಳಿದ್ರೆ ನಾನು ಜೈಲಿಗೆ. ನನ್ನ ಹೆಂಡ್ತಿ ಮಕ್ಕಳು ಇಲ್ಲೇ ಇದ್ದಾರೆ ಇನಾಸ್.” ಅವನು ಸಿಂಕಿನಲ್ಲಿ ಕೈ ತೊಳೆದು ಒರೆಸಿಕೊಂಡ. “ನಿನ್ನನ್ನು ಆ ಕುರ್ಚಿಯಲ್ಲಿ ಕೂರಿಸಿದವನು ಯಾರು ಅಂತ ಸ್ವಲ್ಪ ನೆನಪು ಮಾಡ್ಕೋ. ಅಷ್ಟು ಕನಿಕರ ಇದ್ರೆ ಇನ್ನೊಂದು ನಂಬರ್ ಹುಡುಕಿ ನೀನೇ ತಿದ್ದು. ಬಾಗಿಲು ಗೊತ್ತುಂಟಲ್ಲ ನಿಂಗೆ.”

ಒಂದು ಏಟು ಕೊಡಬೇಕಿತ್ತು. ಹೊರಗಿನ ಕೋಣೆಯಲ್ಲಿ ಅವನ ಹೆಂಡತಿ ಎಲ್ಸಾ ಎಲ್ಲರಿಗೂ ಕೇಕ್ ಹಂಚುತ್ತಿದ್ದಳು. ನನಗೂ ಒಂದು ತುಂಡು ಕೊಟ್ಟಳು. ಎಲ್ವಿನ್‌ನ ಮಾತಿಗಿಂತ ಆ ಕೇಕ್ ನುಂಗುವುದು ಕಷ್ಟವಾಯಿತು.

ಗುರುವಾರ, ಶುಕ್ರವಾರ ಸಾಹೇಬರಿಗೆ ವಾರದ ರಜೆ. ಶನಿವಾರ ಬೆಳಿಗ್ಗೆ ಶಂಸುದ್ದೀನ್ ಸಾಹೇಬರು ಬರುವ ಮೊದಲೇ ಅವರ ಕೋಣೆಯ ಹೊರಗೆ ನಿಂತಿದ್ದೆ. ಜಾಯ್ಸ್ ಕೂಡ ಬಂದಳು. ಇಬ್ಬರೂ ಎಲ್ಲವನ್ನೂ ಹೇಳಿದೆವು, ಎಲ್ವಿನ್‌ನ ಹೆಸರೊಂದನ್ನು ಬಿಟ್ಟು. ವೀಸಾದ ಋಣ ನಾಲಿಗೆಯನ್ನು ಅಷ್ಟು ಹಿಡಿದಿತ್ತು. ಡ್ರೈವರ್ ಯಾವ ಕಂಪನಿಯವನು ಎಂದು ಮಾತ್ರ ಹೇಳಿದೆ, ಉಳಿದದ್ದನ್ನು ಸಾಹೇಬರು ಅರ್ಥ ಮಾಡಿಕೊಂಡರು. ಅವರ ಮುಖ ಬಿಳಿಚಿತು. ಇದು ಮೊದಲನೇ ಸಲವೋ, ಎಷ್ಟನೆಯದೋ? ಅವರು ಕೇಳಿದ್ದು ಇದನ್ನೇ. ನಮಗೂ ಗೊತ್ತಿರಲಿಲ್ಲ. ಅಂಥ ತೂತಿನ ನಿಜವಾದ ಹೆದರಿಕೆ ಅದೇ, ಹಿಂದೆ ಎಷ್ಟು ಸಲ ಯಾರು ಬಂದು ಹೋದರು ಎಂದು ಹೇಳಲು ಬರುವುದಿಲ್ಲ.

ಅವರ ಉರ್ದುವನ್ನು ಕನ್ನಡದಲ್ಲೇ ಹೇಳುತ್ತೇನೆ. “ಇನಾಸ್ ಮಿಯಾಂ, ಸರ್ವರ್ ರಿಪೇರಿಯಲ್ಲಿದೆ ಎಂದು ಹೇಳಿ ಈ ವಾರದ ಫ್ಲಾಪಿಯನ್ನು ನಾನು ತಡೆದಿಡುತ್ತೇನೆ. ಮೊದಲು ನೀನು ಬಾಗಿಲು ಮುಚ್ಚು. ಪೂರ್ತಿ ಮುಚ್ಚಿದ್ದೇನೆ ಎಂದು ಬರೆದು ಕೊಡು. ಆಮೇಲೆ ಆ ಹುಡುಗನ ರಿಸಲ್ಟನ್ನು ನಾನೇ ಸರಿ ಮಾಡುತ್ತೇನೆ. ತೆರೆದ ಮನೆಯಲ್ಲಿ ಸಾಮಾನು ಜೋಡಿಸಿ ಏನು ಪ್ರಯೋಜನ?”

ಎರಡು ವರ್ಷ ನಾನು ಹೇಳಿದ ಮಾತನ್ನೇ ಅವರು ನನಗೆ ತಿರುಗಿ ಹೇಳುತ್ತಿದ್ದರು. ನನಗೆ ಖುಷಿಯಾಯಿತು ಎಂದರೆ ಸುಳ್ಳಲ್ಲ.

ಆ ವಾರ ನಾನು ಕೆಲಸ ಮಾಡಿದ ಹಾಗೆ ಜನ್ಮದಲ್ಲಿ ಮಾಡಿಲ್ಲ. ಮೊದಲು ಮೋಡೆಮಿನ ವೈರು ಕಿತ್ತೆ. ರಿಸೆಪ್ಷನ್ನಿಗೆ ಒಂದು ಖಾತೆ ಮಾಡಿದೆ, ಅದರಲ್ಲಿ ಹೆಸರು ವಿಳಾಸ ಬರೆಯಬಹುದು, ರಿಸಲ್ಟ್ ಮುಟ್ಟುವ ಹಾಗಿಲ್ಲ. ಲ್ಯಾಬಿನ ಪ್ರತಿಯೊಬ್ಬರಿಗೂ ಅವರವರ ಹೆಸರಿನ ಖಾತೆ. ರಿಸಲ್ಟನ್ನು ಒಮ್ಮೆ ಹಾಕಬಹುದು, ಹಾಕಿದ ಮೇಲೆ ಅವರೂ ತಿದ್ದುವ ಹಾಗಿಲ್ಲ. ತಿದ್ದುವುದಿದ್ದರೆ ಮ್ಯಾನೇಜರರ ಖಾತೆಯಿಂದ ಮಾತ್ರ, ತಿದ್ದಿದವರ ಹೆಸರು ದಿನಾಂಕ ಸಮೇತ ಅಚ್ಚಳಿಯದೆ ಉಳಿಯಬೇಕು. ಪ್ರತಿ ಕಂಪ್ಯೂಟರಿನಲ್ಲಿ ಎಲ್ವಿನ್ ಬರೆದಿಟ್ಟ ಪ್ರೋಗ್ರಾಮು ಅಳಿಸಿ ಹೊಸತು ಹಾಕಿದೆ. ಕೊನೆಗೆ ಯಜಮಾನ ಖಾತೆಯ ಫ್ಯಾಕ್ಟರಿ ಪಾಸ್‌ವರ್ಡನ್ನು ಬದಲಾಯಿಸಿದೆ. ಕಂಪ್ಯೂಟರ್ ನೋಡಿಕೊಳ್ಳುವವನ ಕೈಯಲ್ಲೇ ಆ ಖಾತೆಯೂ ಇರಬಾರದು ಎಂಬುದು ನಿಯಮ. ಹಾಗಾಗಿ ಸಾಹೇಬರನ್ನು ಪಕ್ಕದಲ್ಲಿ ಕೂರಿಸಿ, ಪಾಸ್‌ವರ್ಡ್ ಹೇಗೆ ಬದಲಾಯಿಸುವುದು ಎಂದು ಕಲಿಸಿ, ಅವರಿಂದಲೇ ಹೊಸತೊಂದನ್ನು ಹಾಕಿಸಿದೆ. ಅವರು ಟೈಪ್ ಮಾಡುವಾಗ ನಾನು ಸಭ್ಯನಂತೆ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ.

ಪ್ರತಿ ಸಂಜೆ ಅಣ್ಣು ಕೇಳುತ್ತಿದ್ದ, ಎಲ್ಲಿಗೆ ಬಂತು ಎಂದು. ನಾನು ಹೇಳುತ್ತಿದ್ದೆ, ಇವತ್ತು ಇಷ್ಟು ಮುಚ್ಚಿದೆ, ನಾಳೆ ಅಷ್ಟು. ಪಾಪ, ಅವನಿಗೆ ಅದೆಲ್ಲ ಅರ್ಥವಾಗುತ್ತಿರಲಿಲ್ಲ. ಬಿರುಕು ಬಿಟ್ಟ ಪೈಪಿಗೆ ವೆಲ್ಡಿಂಗ್ ಮಾಡಿದ ಹಾಗಾ ಎಂದು ಒಮ್ಮೆ ಕೇಳಿದ. ಹೌದು ಎಂದೆ. ಹಾಗಾದರೆ ಒಳ್ಳೇದಾಗಿ ಮಾಡಿ ಇನಾಸಣ್ಣ, ಅವಸರ ಮಾಡಬೇಡಿ ಎಂದ. ವರ್ಕ್‌ಶಾಪಿನಲ್ಲಿ ಅವನಿಗೆ ಬೇರೆ ತಟ್ಟೆ ಇಟ್ಟಿದ್ದರು ಎಂದು ನನಗೆ ಆಮೇಲೆ ತಿಳಿಯಿತು.

ಮುಂದಿನ ಶನಿವಾರ ವರದಿ ಕೊಟ್ಟೆ. ಸಾಹೇಬರು ಕನ್ನಡಕ ಏರಿಸಿ ಒಂದೊಂದು ಸಾಲನ್ನೂ ಓದಿದರು.

“ಹಾಗಾದರೆ ಈಗ ಲ್ಯಾಬಿನ ರಿಸಲ್ಟನ್ನು ಹೊರಗಿನವರು ಯಾರೂ ಮುಟ್ಟುವ ಹಾಗಿಲ್ಲ?”

“ಇಲ್ಲ ಸಾಹೇಬ್. ತಿದ್ದಲು ಆಗುವುದು ನಿಮಗೆ ಮಾತ್ರ.”

“ತಿದ್ದಿದರೆ ನನ್ನ ಹೆಸರು ಬೀಳುತ್ತದೆ.”

“ಹೌದು. ಹೆಸರು, ದಿನ, ಮೊದಲು ಏನಿತ್ತು, ಈಗ ಏನಾಯಿತು, ಎಲ್ಲ.”

ಅವರು ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು. “ನೀನೇ ಯೋಚಿಸು ಮಿಯಾಂ. ಹೊಸ ವ್ಯವಸ್ಥೆಯಲ್ಲಿ ಮೊದಲ ತಿದ್ದುಪಡಿ ನನ್ನ ಹೆಸರಿನಲ್ಲಿ. ಯಾಕೆ ತಿದ್ದಿದೆ ಎಂದು ಕೇಳುತ್ತಾರೆ. ಹೊರಗಿನವನು ಒಳಗೆ ಬಂದಿದ್ದ ಎನ್ನಬೇಕು. ಎಷ್ಟು ವರ್ಷದಿಂದ ಬರುತ್ತಿದ್ದ ಎಂದು ಕೇಳುತ್ತಾರೆ. ಇಲ್ಲಿಯವರೆಗೆ ಕೊಟ್ಟ ರಿಸಲ್ಟುಗಳ ಗತಿ ಏನು ಎಂದು ಕೇಳುತ್ತಾರೆ. ಸಂಜೆಯೊಳಗೆ ಲೈಸೆನ್ಸ್ ಹೋಗುತ್ತದೆ. ನಿನ್ನದು, ಜಾಯ್ಸಳದ್ದು, ನನ್ನದು, ಇಲ್ಲಿರುವ ಎಲ್ಲರ ಇಕಾಮಾ ಈ ಲೈಸೆನ್ಸಿನ ಕೆಳಗೆ ನಿಂತಿದೆ.”

“ಸಾಹೇಬ್, ನೀವು ಮಾತು ಕೊಟ್ಟಿದ್ದಿರಿ.”

“ಕೊಟ್ಟಾಗ ನನಗೆ ಇದು ಹೊಳೆದಿರಲಿಲ್ಲ,” ಎಂದರು. ಅವರು ಸುಳ್ಳು ಹೇಳುತ್ತಿದ್ದರೋ ನಿಜವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಆಮೇಲೆ ನನ್ನ ವರದಿಯನ್ನೇ ಎತ್ತಿ ತೋರಿಸಿದರು. “ನೋಡು, ನಮ್ಮ ಸರ್ವರಿನ ರಿಸಲ್ಟನ್ನು ಯಾರೂ ಬದಲಾಯಿಸಲು ಸಾಧ್ಯವಿಲ್ಲ ಎಂದು ನೀನೇ ಬರೆದಿದ್ದೀಯ. ಹಾಗಾದರೆ ಸರ್ವರಿನಲ್ಲಿ ಇರುವುದೇ ಸತ್ಯ.”

ಆ ಫ್ಲಾಪಿ ಆ ದಿನವೇ ಹೋಯಿತು. ಅದರ ಜೊತೆಗೆ ನನ್ನ ವರದಿಯೂ ಹೋಯಿತು, ಅರಬ್ಬಿಗೆ ಅನುವಾದವಾಗಿ, ಕ್ಲಿನಿಕ್ಕಿನ ಸೀಲ್ ಹೊತ್ತು. ಆ ಸೀಲನ್ನು ಅಣ್ಣುವಿನ ಫಿಟ್ ಪೇಪರಿಗೆ ಹಾಕಲು ಕೇಳಿದರೆ ಇಲ್ಲ ಎಂದವರು ಇದಕ್ಕೆ ಎರಡು ಕಡೆ ಹಾಕಿದರು.

ಜಾಯ್ಸ್ ನನಗಿಂತ ಧೈರ್ಯದವಳು. ಸಾಹೇಬರ ಕೋಣೆಯ ಬಾಗಿಲು ತಳ್ಳಿ ಒಳಗೆ ಹೋಗಿ ಕೂಗಾಡಿದಳು. ಬೇರೆ ಆಸ್ಪತ್ರೆಗೆ ಹೋಗಲು ನೀನು ಕೊಟ್ಟ ಟ್ರಾನ್ಸ್‌ಫರ್ ಪೇಪರ್ ನನ್ನ ಸಹಿಗೆ ಕಾದು ಮೇಜಿನ ಮೇಲಿದೆ ಎಂದು ಅವರು ಅಷ್ಟೇ ಮೃದುವಾಗಿ ಹೇಳಿದರಂತೆ. ಹೊರಗೆ ಬಂದವಳು ನೇರ ನನ್ನ ಕುರ್ಚಿಯ ಹತ್ತಿರ ಬಂದಳು.

“ಒಬ್ಬ ಕಾಯಿಲೆ ಇಲ್ಲದವ ಕಾಯಿಲೆಯವನಾದ,” ಎಂದಳು. “ಮತ್ತೊಬ್ಬ ಕಾಯಿಲೆ ಇರುವವ, ಅವನಿಗೆ ಯಾರೂ ಹೇಳುವವರಿಲ್ಲ. ಔಷಧ ಇಲ್ಲದೆ ಗಾಡಿ ಓಡಿಸ್ತಾ ಇರ್ತಾನೆ, ತಾನು ಫಿಟ್ ಅಂತ. ನೀನು ಎಂತ ಮುಚ್ಚಿದ್ದು ಇನಾಸ್?”

ಆ ಮಧ್ಯಾಹ್ನ ನಾನು ಸರ್ವರಿನ ಮುಂದೆ ಕೂತು ಗೊತ್ತಿದ್ದ ಎಲ್ಲ ಬಾಗಿಲುಗಳನ್ನೂ ತಟ್ಟಿ ನೋಡಿದೆ. ಫ್ಲಾಪಿ ಹೋದ ಮೇಲೆ ಅದರಿಂದ ಉಪಯೋಗವಿರಲಿಲ್ಲ, ಆದರೂ ಸುಮ್ಮನಿರಲಾಗಲಿಲ್ಲ. ಒಂದೂ ತೆರೆಯಲಿಲ್ಲ. ಬೇರೆಯವರ ಸರ್ವರಿನಲ್ಲಿ ಅಷ್ಟು ಚೊಕ್ಕ ಕೆಲಸ ನೋಡಿದ್ದರೆ ಭೇಷ್ ಎನ್ನುತ್ತಿದ್ದೆ.

ಜಾಯ್ಸ್ ತನ್ನ ಕೈಯಾರೆ ಬರೆದು ಕೊಟ್ಟ ನೆಗೆಟಿವ್ ರಿಸಲ್ಟನ್ನು ಅಣ್ಣು ಖಫ್ಜಿಗೆ ಕಳಿಸಿದ್ದ. ಸೀಲ್ ಎಲ್ಲಿದೆ ಎಂದು ಅಖಿಲೇಶ್ ಫೋನಿನಲ್ಲಿ ಒಂದೇ ಮಾತು ಕೇಳಿದನಂತೆ. ಬೇರೆ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿದರೂ ಸರ್ಕಾರಿ ಕಚೇರಿಯವರು ತೆಗೆದುಕೊಳ್ಳುವುದಿಲ್ಲ. ರಿಸಲ್ಟ್ ಕೊಟ್ಟ ಕ್ಲಿನಿಕ್ಕೇ ತಿದ್ದಿ ಕೊಡಬೇಕು. ಮದುವೆ ನಿಂತಿತು ಎಂದು ಯಾರೂ ಹೇಳಲಿಲ್ಲ. ಊರಿನಿಂದ ಫೋನ್ ಬರುವುದು ನಿಂತಿತು.

ಅಣ್ಣುವಿನ ಕಂಪನಿಯವರು ಪಾಸ್‌ಪೋರ್ಟಿಗೆ ಎಕ್ಸಿಟ್ ಮುದ್ರೆ ಹೊಡೆಸಿ, ಅವನನ್ನು ವಿಮಾನ ಹತ್ತಿಸಲು ವ್ಯಾನು ಕಳಿಸಿದ ದಿನ ನಾನು ರಜೆ ಹಾಕಿ ರೂಮಿನಲ್ಲಿದ್ದೆ. ಉಳಿದವರು ಕೆಲಸಕ್ಕೆ ಹೋಗಿದ್ದರು. ಹೋಗುವ ಮುಂಚೆ ಒಬ್ಬನೂ ಅವನ ಕೈ ಕುಲುಕಲಿಲ್ಲ. ನಾನು ತಬ್ಬಿಕೊಂಡಾಗ ಅವನು ಮರದ ಹಾಗೆ ನಿಂತಿದ್ದ. ಅವನ ಅಂಗಿಗೆ ವರ್ಕ್‌ಶಾಪಿನ ಸುಟ್ಟ ಕಬ್ಬಿಣದ ವಾಸನೆ ಇನ್ನೂ ಇತ್ತು.

“ಒಂದು ಕೇಳ್ತೇನೆ ಇನಾಸಣ್ಣ, ಬೇಜಾರು ಮಾಡ್ಬೇಡಿ,” ಎಂದ. “ಆ ತೂತು ವರ್ಷಗಟ್ಟಲೆ ಇತ್ತು ಅಂತ ನೀವೇ ಹೇಳಿದ್ದು. ಮೋಸ ಮಾಡುವವನಿಗೆ ಅದರಲ್ಲಿ ಬಂದು ಹೋಗ್ಲಿಕ್ಕೆ ಆಯ್ತು. ನನ್ನ ಹೆಸರನ್ನು ಮೊದಲು ಸರಿ ಮಾಡಿ, ಆಮೇಲೆ ಮುಚ್ಚಿದ್ರೆ ಆಗ್ತಿರ್ಲಿಲ್ವಾ?”

ಕೆಳಗೆ ವ್ಯಾನಿನವನು ಹಾರ್ನ್ ಹೊಡೆದು ಯಲ್ಲಾ, ಯಲ್ಲಾ ಎಂದು ಕೂಗುತ್ತಿದ್ದ. ನನಗೆ ಸಿಟ್ಟು ನೆತ್ತಿಗೇರಿತು, ಅಣ್ಣುವಿನ ಮೇಲೂ ಸೇರಿ. ಮುಚ್ಚಿ ಮುಚ್ಚಿ ಎಂದು ಗೋಗರೆದವನು ನಾನು. ಎರಡು ವರ್ಷ ಬೇಡ ಎಂದವರು, ಇವನ ಹೆಸರು ಒಳಗೆ ಸಿಕ್ಕಿಬಿದ್ದಿದ್ದ ಆ ಒಂದೇ ವಾರ ಮುಚ್ಚು ಎಂದರು. ನ್ಯಾಯ, ನಿಯಮ, ಸಹಿ, ಹೇಳಲು ನನ್ನ ಹತ್ತಿರ ಬೇಕಾದಷ್ಟಿತ್ತು. ಆದರೆ ಅವನು ಕೇಳಿದ್ದು ಅದನ್ನಲ್ಲ.

“ಆಗ್ತಿತ್ತು ಅಣ್ಣು,” ಎಂದೆ.

ಅವನು ಸರಿ ಎನ್ನುವ ಹಾಗೆ ತಲೆಯಾಡಿಸಿದ. ಬ್ಯಾಗು ಎತ್ತಿಕೊಂಡು, ನಾನು ಹಿಡಿಯಲು ಹೋದರೂ ಬಿಡದೆ, ತಾನೇ ಹೊತ್ತುಕೊಂಡು ಮೆಟ್ಟಿಲು ಇಳಿದು ಹೋದ.